ಬೈಗುಳದ ಬೇರು

ಬೈಗುಳಕ್ಕೆ ಅರ್ಥ ಹುಡುಕಬಾರದು, ಅದು ಸಿಟ್ಟಿನ ಉಗುಳು ಅಷ್ಟೇ ಎನ್ನುವವರಿದ್ದಾರೆ. ನನಗೇಕೋ ಈ ಮಾತು ಒಪ್ಪಿಗೆಯಾಗುವುದಿಲ್ಲ. ಉಗುಳು ಒಣಗಿ ಹೋಗುತ್ತದೆ. ಬೈಗುಳ ನೂರಾರು ವರ್ಷ ಬಾಳುತ್ತದೆ, ತನ್ನ ಹುಟ್ಟಿನ ಕಥೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ.

ಹುಕ್ಕೇರಿ ತಾಲೂಕಿನ ನಮ್ಮ ಕಣಗಲಾ, ಸಂಕೇಶ್ವರ-ನಿಪ್ಪಾಣಿಗಳ ನಡುವೆ ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದೆ. 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಸೀಮೆ. ನಮ್ಮ ಸಂತೆಯಲ್ಲಿ ಕನ್ನಡವೂ ನಡೆಯುತ್ತದೆ, ಮರಾಠಿಯೂ ನಡೆಯುತ್ತದೆ. ಬೈಗುಳಕ್ಕಂತೂ ಗಡಿಯೇ ಇಲ್ಲ. ಗೆಳೆಯನ ಹೆಗಲ ಮೇಲೆ ಕೈಹಾಕಿ ‘ಏ ಭಾಡಕಾವ್’ ಎಂದು ನಗುತ್ತಾರಲ್ಲ, ಅದು ಮರಾಠಿಯ ‘ಭಾಡಖಾವೂ’. ಭಾಡಾ ತಿನ್ನುವವ, ಅಂದರೆ ಹೆಣ್ಣಿನ ಮೈಯ ಬಾಡಿಗೆಯಿಂದ ಹೊಟ್ಟೆ ಹೊರೆಯುವವ. ಬೈಸಿಕೊಂಡವನು ಗಂಡಸು, ಮಾತಿನಲ್ಲಿ ಮಾರಾಟವಾದವಳು ಹೆಂಗಸು. ದೂರದ ಇಟಲಿಯಲ್ಲೂ ಇದೇ ನಡಾವಳಿ. ಅಲ್ಲಿ ಗಂಡಸನ್ನು ‘ಕೊರ್ನೂತೊ’, ಅಂದರೆ ಕೊಂಬುಳ್ಳವ, ಎಂದು ಬೈದರೆ ಅವನ ಹೆಂಡತಿ ಬೇರೊಬ್ಬನನ್ನು ಕೂಡಿದ್ದಾಳೆ ಎಂದರ್ಥ.

ಇನ್ನು ನಾವು ಹೆಂಗಸರೇ ಆಡುವ ಮಾತುಗಳು. ರಂಡಿ, ಮುಂಡೆ, ಬೋಳಿ. ಸಂಸ್ಕೃತದ ‘ರಂಡಾ’ ಎಂದರೆ ವಿಧವೆ. ‘ಮುಂಡ’ ಎಂದರೆ ತಲೆ ಬೋಳಿಸಿದ್ದು. ಹಾಗೆ ಬೋಳಿಸಿಕೊಂಡವಳು ಮುಂಡೆ. ಬೋಳಿ ಎಂಬುದು ಅದರದೇ ಕನ್ನಡ. ಬೋಳಿಮಗ ಎಂದರೆ ವಿಧವೆಯ ಮಗ, ಅಷ್ಟೇ. ಹೆಂಡತಿ ಸತ್ತ ಗಂಡಸಿಗೆ ‘ವಿಧುರ’ ಎಂಬ ಮರ್ಯಾದೆಯ ಶಬ್ದವಿದೆ. ಅದನ್ನು ಹಿಡಿದು ಯಾರೂ ಯಾರನ್ನೂ ಬೈದದ್ದನ್ನು ನಾನು ಕೇಳಿಲ್ಲ.

ಇಲ್ಲಿ ಒಂದು ಸೋಜಿಗವಿದೆ. ತಲೆ ಬೋಳಿಸುವ ಪದ್ಧತಿ ಇದ್ದುದು ಬ್ರಾಹ್ಮಣರಲ್ಲಿ ಮತ್ತು ಮೇಲಿನವರೆನಿಸಿಕೊಂಡ ಕೆಲವು ಮನೆತನಗಳಲ್ಲಿ. ನಮ್ಮ ಕಡೆಯ ಅನೇಕ ಒಕ್ಕಲು ಮನೆಗಳಲ್ಲಿ ಗಂಡ ಸತ್ತವಳಿಗೆ ಉಡಿಕಿ ಮಾಡುವ ರೂಢಿ ಇತ್ತು; ಆಕೆ ಮತ್ತೆ ಸಂಸಾರ ಹೂಡುತ್ತಿದ್ದಳು. ಕತ್ತಿ ಬಾರದ ಆ ಮನೆಗಳಿಗೂ ಬೈಗುಳ ಮಾತ್ರ ಬಂದು ಸೇರಿತು.

ಕತ್ತಿಯನ್ನು ತಡೆಯಲು ಹೋರಾಡಿದವರಿದ್ದರು. ವಿಧವಾ ವಿವಾಹಕ್ಕೆ 1856ರಲ್ಲೇ ಕಾಯದೆಯ ಒಪ್ಪಿಗೆ ಸಿಕ್ಕಿತು. 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ನಿರ್ಧರಿಸಿದರು. 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿಧವೆಯನ್ನೇ ಮದುವೆಯಾದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ ಆ ಬೋಳುತಲೆಯ ಬದುಕು ಎಂಥದೆಂದು ಹೇಳಬೇಕಾಗಿಲ್ಲ. ಪದ್ಧತಿ ಹೋಯಿತು. ಶಬ್ದ ಉಳಿಯಿತು.

ನಮ್ಮ ಓಣಿಯಲ್ಲಿ ನಲ್ಲಿಗೆ ನೀರು ಬಂದ ದಿನ ಜಗಳ ತಪ್ಪುತ್ತಿರಲಿಲ್ಲ. ಒಮ್ಮೆ ಇಬ್ಬರು ಮುತ್ತೈದೆಯರು ಪಾಳಿಗಾಗಿ ಒಬ್ಬರಿಗೊಬ್ಬರು ‘ರಂಡಿ’ ಎಂದು ಕೂಗಾಡುತ್ತಿದ್ದರು. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಅತ್ತಿಯೊಬ್ಬಳು ಅದೇ ಪಾಳಿಯಲ್ಲಿ ನಿಂತಿದ್ದಳು. ಆಕೆಯನ್ನು ಯಾರೂ ಏನೂ ಅಂದಿರಲಿಲ್ಲ. ಆದರೂ ಬರಿದು ಕೊಡ ಎತ್ತಿಕೊಂಡು ಹೊರಟಳು. “ಯಾಕತ್ತಿ, ನಿನ್ನ ಪಾಳಿ ಬಂತಲ್ಲ?” ಎಂದೆ. “ಅವರು ಬೈದಾಡೋದು ನನ್ನ ಹೆಸರು ಹಿಡದವ್ವಾ,” ಎಂದಳು.

ಇನ್ನೊಂದು ಶಬ್ದ, ಸೂಳೆ. ಎಂಟನೆಯ ಶತಮಾನದ ಆದಿಯಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ ಮಹಾಕೂಟದ ಶಾಸನ, ವಿನಾಪೋಟಿಯನ್ನು ಅರಸನ ಪ್ರಾಣವಲ್ಲಭೆ ಎಂದೂ ಸೂಳೆ ಎಂದೂ ಕರೆಯುತ್ತದೆ. ಬಹುವಚನ ಕೊಟ್ಟು, ಆಕೆ ದೇವರಿಗೆ ಮಾಡಿಸಿದ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಹೇಳುತ್ತದೆ. ಹನ್ನೆರಡನೆಯ ಶತಮಾನದ ಶರಣೆ ಸೂಳೆ ಸಂಕವ್ವೆಯದು ಒಂದೇ ಒಂದು ವಚನ ಉಳಿದಿದೆ. ಆಕೆಯ ಅಂಕಿತ ‘ನಿರ್ಲಜ್ಜೇಶ್ವರ’. ನಾಚಿಕೆ ಆಕೆಯದಲ್ಲ ಎಂದು ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು? ಅದೇ ಶಬ್ದ ಇಂದು ಆಕೆಯ ಮಗನನ್ನು ಹಿಡಿದು ಬೈಯುವ ಮಾತಾಗಿದೆ. ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವುದನ್ನು ನಮ್ಮ ರಾಜ್ಯ 1982ರ ಕಾಯದೆಯಿಂದ ನಿಷೇಧಿಸಿತು. ಬೈಗುಳಕ್ಕೆ ಯಾವ ಕಾಯದೆಯೂ ತಾಕುವುದಿಲ್ಲ.

ಸಿಟ್ಟು ಬರಬಾರದೆಂದು ನಾನು ಹೇಳುವುದಿಲ್ಲ. ನಮಗೆ ಸಿಟ್ಟು ಬರಲು ಕಾರಣಗಳೇನು ಕಡಿಮೆಯೇ? ಆದರೆ ಪಾಳಿ ತಪ್ಪಿಸಿದವಳು ಪಾಳಿ ತಪ್ಪಿಸಿದವಳು; ಸಾಲ ಮುಳುಗಿಸಿದವನು ಕಳ್ಳ. ಅವರನ್ನು ಹಾಗೆಂದೇ ಕೂಗಿ ಬೈಯೋಣ. ಗಂಡ ಸತ್ತವಳು ಯಾರ ನೀರನ್ನೂ ಕದ್ದಿಲ್ಲ.