ಸುದ್ದಿ ಹರಡೋ ಲೆಕ್ಕ: ‘ನಾಳೆ ಬಾ’ ಬಾಗಿಲಿಂದ ವಾಟ್ಸಾಪ್ ಗ್ರೂಪಿನವರೆಗೆ

1/6
ಮೊದಲನೇ ಫೋಟೋ ಹರಿಹರದ ನಮ್ಮಜ್ಜಿ ಮನೆ ಬಾಗಿಲು. ಸ್ವಲ್ಪ ಝೂಮ್ ಮಾಡಿ ನೋಡಿ. ಮೇಲೆ ಬೇರೆ ಪೇಂಟ್ ಹೊಡೆದಿದ್ರೂ ಹಳೇ ಅಕ್ಷರ ಮಸುಕಾಗಿ ಕಾಣ್ತವೆ: ‘ನಾಳೆ ಬಾ’. ಇದರ ಕಥೆ ಆಮೇಲೆ ಹೇಳ್ತೀನಿ. ಅದಕ್ಕೂ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ಕಳೆದ ಸೆಮಿಸ್ಟರ್‌ನಲ್ಲಿ ರಾತ್ರಿ ಒಂಬತ್ತೂವರೆಗೆ ಒಂದು ಮೆಸೇಜ್ ಬಂತು: ‘ನಾಳೆ ಇಂಟರ್ನಲ್ಸ್ ಇಲ್ಲ, ಪೋಸ್ಟ್‌ಪೋನ್.’ ನಾನು ಏನೂ ಓದಿರಲಿಲ್ಲ. ಖುಷಿಯಾಗಿ ಮೂರು ಗ್ರೂಪಿಗೆ ತಳ್ಳಿಬಿಟ್ಟೆ. ಹರಿಹರದಿಂದ ದಿನಾ ಬಸ್ಸಲ್ಲಿ ದಾವಣಗೆರೆಗೆ ಬರೋ ನನ್ನ ಗೆಳತಿ ಅದನ್ನ ನಂಬಿ ಮರುದಿನ ಬಸ್ ಹತ್ತಲಿಲ್ಲ. ಟೆಸ್ಟ್ ನಡೀತು. ಅವಳ ಮಾರ್ಕ್ಸ್ ಹೋಯ್ತು. ಅವಳು ಜಗಳ ಆಡಲಿಲ್ಲ. ಒಂದೇ ಮಾತು ಕೇಳಿದ್ಲು: ‘ನಿಂಗೆ ಯಾರು ಹೇಳಿದ್ದು?’ ನನ್ನ ಹತ್ರ ಉತ್ತರ ಇರಲಿಲ್ಲ. (ಅವಳನ್ನ ಕೇಳೇ ಇದನ್ನ ಬರೀತಿದ್ದೀನಿ.)

2/6 ಬಾಗಿಲ ಮೇಲಿನ ಬರಹ
1990ರ ದಶಕದಲ್ಲಿ ಕರ್ನಾಟಕದ ಊರೂರಲ್ಲಿ ಒಂದು ಸುದ್ದಿ ಓಡಾಡಿತು. ರಾತ್ರಿ ಒಂದು ದೆವ್ವ ಬಂದು, ನಮ್ಮವರದೇ ದನಿಯಲ್ಲಿ ಕರೆದು ಬಾಗಿಲು ತಟ್ಟುತ್ತೆ, ತೆಗೆದರೆ ಮುಗೀತು ಅಂತ. ಪರಿಹಾರವೂ ಜೊತೆಗೇ ಬಂತು: ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀರಿ. ದೆವ್ವ ಅದನ್ನ ಓದಿ ವಾಪಸ್ ಹೋಗುತ್ತೆ. ಮರುದಿನ ಬಂದರೂ ಅದೇ ‘ನಾಳೆ’ ಇರುತ್ತಲ್ಲ!

ಆಗ ಫೋನಿರೋ ಮನೆಗಳೇ ಕಡಿಮೆ. ಸುದ್ದಿ ಬಸ್ಸಲ್ಲಿ, ಸಂತೆಯಲ್ಲಿ, ನಲ್ಲಿ ಹತ್ರ ಸಾಗಬೇಕಿತ್ತು. ‘ಅಜ್ಜಿ, ನೀನು ನಿಜವಾಗ್ಲೂ ನಂಬಿದ್ಯಾ?’ ಅಂದೆ. ‘ನಂಬೋದೇನು ಬಂತು, ಓಣಿಯೋರೆಲ್ಲ ಬರ್ಸಿದ್ರು. ನಮ್ದೊಂದೇ ಬಾಗ್ಲು ಖಾಲಿ ಬಿಡಾಕ್ ಆಗುತ್ತೇನು?’ ಅಂದಳು. ಈ ಮಾತು ನೆನಪಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

3/6 ಗಾಳಿಸುದ್ದಿಗೂ ಲೆಕ್ಕ ಇದೆ
1964ರಲ್ಲಿ ಡೇಲಿ ಮತ್ತು ಕೆಂಡಾಲ್ ಅನ್ನೋ ಇಬ್ಬರು ಗಣಿತಜ್ಞರು ಗಾಳಿಸುದ್ದಿಗೆ ಒಂದು ಮಾದರಿ ಕಟ್ಟಿದರು. ಅವರು ಜನರನ್ನ ಮೂರು ಗುಂಪು ಮಾಡಿದರು: ಇನ್ನೂ ಕೇಳದವರು, ಹರಡುವವರು, ಕೇಳಿಯೂ ಸುಮ್ಮನಾದವರು. ಹರಡುವವನು ಕೇಳದವನಿಗೆ ಸಿಕ್ಕರೆ ಅವನೂ ಹರಡುವವನಾಗ್ತಾನೆ. ಆಗಲೇ ಗೊತ್ತಿರೋನಿಗೆ ಸಿಕ್ಕರೆ ‘ಓ, ಇದು ಹಳೇದು’ ಅಂತ ಉತ್ಸಾಹ ಇಳಿದು ಸುಮ್ಮನಾಗ್ತಾನೆ.

ಎಲ್ಲರೂ ಎಲ್ಲರಿಗೂ ಸಿಗೋ ದೊಡ್ಡ ಗುಂಪಲ್ಲಿ ಕೊನೆಗೆ ಸುಮಾರು 20% ಜನಕ್ಕೆ ಸುದ್ದಿ ತಲುಪೋದೇ ಇಲ್ಲ ಅನ್ನುತ್ತೆ ಲೆಕ್ಕ. ನಂಗೆ ಹೆದರಿಕೆ ಹುಟ್ಟಿಸಿದ್ದು ಬೇರೆ ವಿಷಯ. ಈ ಲೆಕ್ಕದಲ್ಲಿ ‘ನಿಜವೋ ಸುಳ್ಳೋ’ ಅನ್ನೋ ಕಾಲಮ್ಮೇ ಇಲ್ಲ. ಸುದ್ದಿ ನಿಲ್ಲೋದು ಸುಳ್ಳು ಅಂತ ಗೊತ್ತಾಗಿ ಅಲ್ಲ, ಹೇಳೋಕೆ ಹೊಸಬರು ಸಿಗದೆ. ಅಷ್ಟರಲ್ಲಿ ನೂರಕ್ಕೆ ಎಂಬತ್ತು ಜನ ಕೇಳಿ ಆಗಿರುತ್ತೆ.

4/6 ಬೆಂಗಳೂರು, ಆಗಸ್ಟ್ 2012
ಆ ವರ್ಷ ಜುಲೈನಲ್ಲಿ ಅಸ್ಸಾಮಿನಲ್ಲಿ ಗಲಭೆ ಆಯ್ತು. ಆಮೇಲೆ ‘ಬೆಂಗಳೂರಿನಲ್ಲಿರೋ ಈಶಾನ್ಯದವರ ಮೇಲೆ ದಾಳಿ ಆಗುತ್ತೆ’ ಅಂತ ಎಸ್ಸೆಮ್ಮೆಸ್‌ಗಳು ಹರಿದಾಡಿದವು. ಎಲ್ಲೆಲ್ಲಿಯದೋ ಹಳೇ ಚಿತ್ರಗಳೂ ಸೇರಿಕೊಂಡವು. ಆಗಸ್ಟ್ 15ರ ರಾತ್ರಿಯಿಂದ ಸಾವಿರಾರು ಜನ ಬ್ಯಾಗು ಹಿಡಿದು ರೈಲು ನಿಲ್ದಾಣಕ್ಕೆ ಬಂದರು. ಅವರಲ್ಲಿ ನಮ್ಮ ವಯಸ್ಸಿನ ವಿದ್ಯಾರ್ಥಿಗಳು, ಹೋಟೆಲ್ ಕೆಲಸದವರು, ಸೆಕ್ಯೂರಿಟಿ ಗಾರ್ಡುಗಳು ಇದ್ದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯ್ತು. ಏನೂ ಆಗಲ್ಲ ಅಂತ ಸರ್ಕಾರ ಎಷ್ಟು ಹೇಳಿದರೂ ಜನ ನಿಲ್ಲಲಿಲ್ಲ.

ಯಾಕೆ? ಮೆಸೇಜ್ ಬಂದದ್ದು ಯಾರೋ ಅಪರಿಚಿತರಿಂದ ಇರಬಹುದು. ಆದರೆ ‘ಬಂದುಬಿಡು ಮಗಾ’ ಅಂತ ಫೋನ್ ಮಾಡಿದ್ದು ಊರಲ್ಲಿದ್ದ ಅಪ್ಪ ಅಮ್ಮ. ದೂರದ ಪರಿಚಯ ಸುದ್ದಿಯನ್ನ ದೂರಕ್ಕೆ ಒಯ್ಯುತ್ತೆ, ಹತ್ತಿರದ ಸಂಬಂಧ ಅದನ್ನ ನಂಬಿಸುತ್ತೆ. ನನ್ನ ಗೆಳತಿಗೂ ಆಗಿದ್ದು ಇದೇ. ಅವಳು ನಂಬಿದ್ದು ಮೆಸೇಜನ್ನಲ್ಲ, ನನ್ನನ್ನ.

ಆಗಸ್ಟ್ 17ರಂದು ಕೇಂದ್ರ ಸರ್ಕಾರ 15 ದಿನದ ಮಟ್ಟಿಗೆ ಒಂದು ನಿರ್ಬಂಧ ತಂತು: ಐದಕ್ಕಿಂತ ಹೆಚ್ಚು ಜನಕ್ಕೆ ಒಟ್ಟಿಗೆ ಎಸ್ಸೆಮ್ಮೆಸ್ ಕಳಿಸೋ ಹಾಗಿಲ್ಲ.

5/6 ಐದು ಅಂದ್ರೆ ಎಷ್ಟು?
ನಾವು ಕಾಮರ್ಸಿನವರು, ಚಕ್ರಬಡ್ಡಿ ಗೊತ್ತಿರೋರು. ಲೆಕ್ಕ ಹಾಕಿ. ಪ್ರತಿಯೊಬ್ಬರೂ ಹೊಸಬರು ಐದು ಜನಕ್ಕೆ ಕಳಿಸಿದರೆ ಎಂಟೇ ಹಂತದಲ್ಲಿ ಒಟ್ಟು 4,88,280 ಜನಕ್ಕೆ ತಲುಪುತ್ತೆ. 2011ರ ಜನಗಣತಿಯಲ್ಲಿ ಇಡೀ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ! ಅದೇ ಇಬ್ಬಿಬ್ಬರಿಗೆ ಕಳಿಸಿದರೆ? ಬರೀ 510. ಒಬ್ಬೊಬ್ಬರಿಗೆ ಆದರೆ ಎಂಟು. ನಿಜ ಜೀವನದಲ್ಲಿ ನನ್ನ ಫ್ರೆಂಡ್ಸು ನಿಮ್ಮ ಫ್ರೆಂಡ್ಸೂ ಆಗಿರ್ತಾರೆ, ಹಾಗಾಗಿ ಇಷ್ಟು ನೀಟಾಗಿ ಬೆಳೆಯಲ್ಲ. ಆದ್ರೂ ವ್ಯತ್ಯಾಸ ನೋಡಿ.

2018ರಲ್ಲಿ ಮಕ್ಕಳ ಕಳ್ಳರ ಸುದ್ದಿ ವಾಟ್ಸಾಪಲ್ಲಿ ಹರಡಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನ ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರ್ ಹೀಗೇ ಸತ್ತರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ನೆಪ. ಅವರ ಕಾರು ಮುಂದಿನ ಊರು ಮುಟ್ಟೋಕೆ ಮೊದಲೇ ವಿಡಿಯೋ ಮುಟ್ಟಿತ್ತು.

ಅದೇ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡನ್ನ ಐದು ಚಾಟಿಗೆ ಮಿತಿ ಮಾಡಿತು. ಮತ್ತೆ ಅದೇ ಐದು! ಆದರೆ ಗ್ರೂಪೂ ಒಂದು ಚಾಟೇ. ಆಗ ಒಂದು ಗ್ರೂಪಲ್ಲಿ 256 ಜನ ಇರಬಹುದಿತ್ತು, ಅಂದ್ರೆ ಐದು ಗ್ರೂಪಿಗೆ 1,280. ಏಪ್ರಿಲ್ 2020ರಲ್ಲಿ, ಬಹಳ ಸಲ ಫಾರ್ವರ್ಡ್ ಆದ ಮೆಸೇಜನ್ನ ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸೋ ಹಾಗೆ ಮಾಡಿದರು. ಅಂಥ ಮೆಸೇಜುಗಳು 70% ಕಡಿಮೆಯಾದವು ಅಂತ ಕಂಪನಿಯೇ ಹೇಳಿತು.

6/6 ಒಬ್ಬರು ಸಾಕು
ಈಗ ಅಜ್ಜಿ ಮಾತಿಗೆ ಬರೋಣ. 1978ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಒಂದು ಉದಾಹರಣೆ ಕೊಟ್ಟರು. ಚೌಕದಲ್ಲಿ 100 ಜನ ನಿಂತಿದ್ದಾರೆ ಅನ್ಕೊಳ್ಳಿ. ಮೊದಲನೆಯವನು ಯಾರನ್ನೂ ಕಾಯದೆ ಕಲ್ಲು ಎಸೀತಾನೆ. ಎರಡನೆಯವನು ಒಬ್ಬ ಎಸೆದರೆ ಎಸೀತಾನೆ, ಮೂರನೆಯವನು ಇಬ್ಬರು ಎಸೆದರೆ. ಹೀಗೇ ಸಾಲಾಗಿ ನೂರೂ ಜನ ಎಸೀತಾರೆ. ಈಗ ಆ ಎರಡನೆಯವನು ಮಾತ್ರ ‘ಇಬ್ಬರಾದರೂ ಎಸೆಯಲಿ, ಆಮೇಲೆ ನೋಡೋಣ’ ಅಂತ ನಿಂತುಬಿಟ್ಟ ಅನ್ಕೊಳ್ಳಿ. ಗಲಭೆಯೇ ಇಲ್ಲ. ಒಂದೇ ಕಲ್ಲು, ಅಲ್ಲಿಗೆ ಮುಗೀತು. ಉಳಿದ 98 ಜನ ಒಂಚೂರೂ ಬದಲಾಗಿಲ್ಲ, ನೋಡಿ.

ಅಜ್ಜಿ ಓಣಿಯಲ್ಲಿ ಎಲ್ಲರೂ ಪಕ್ಕದ ಬಾಗಿಲು ನೋಡಿ ಬರೆಸಿದರು. ಅಲ್ಲಿ ಖರ್ಚಾಗಿದ್ದು ಒಂದಿಷ್ಟು ಪೇಂಟು. ಮುರ್ಕಿಯಲ್ಲಿ ಒಂದು ಜೀವ. ನಮ್ಮ ಗ್ರೂಪಲ್ಲಿ ಆ ರಾತ್ರಿ ನಿಲ್ಲಬೇಕಿದ್ದ ಆ ಎರಡನೆಯವ ನಾನೇ ಆಗಬಹುದಿತ್ತು. ಕ್ಲಾಸ್ ಟೀಚರಿಗೆ ಒಂದು ಫೋನ್ ಮಾಡಿದ್ರೆ ಸಾಕಿತ್ತು.

ಈಗ ಯಾವ ಮೆಸೇಜ್ ಬಂದರೂ ಗೆಳತಿ ಕೇಳಿದ್ದನ್ನೇ ನಾನು ಕೇಳ್ತೀನಿ: ‘ನಿಂಗೆ ಯಾರು ಹೇಳಿದ್ದು?’ ಉತ್ತರ ಇಲ್ಲದಿದ್ರೆ ಆ ಮೆಸೇಜಿಗೆ ನಾನು ಹೇಳೋದು ಒಂದೇ: ನಾಳೆ ಬಾ.

ನಿಮ್ಮ ಮನೆ ಬಾಗಿಲ ಮೇಲೂ ಈ ಬರಹ ಇತ್ತಾ? ಮನೇಲಿ ದೊಡ್ಡೋರನ್ನ ಕೇಳಿ ಕಾಮೆಂಟಲ್ಲಿ ಹಾಕಿ.

#ದಾವಣಗೆರೆ #ಹರಿಹರ #ನಾಳೆಬಾ #ನಮ್ಮೂರಇತಿಹಾಸ