ಮದುವೆಯಾದ ಟೀಚರಮ್ಮ

ಮಗಳ ಬಾಣಂತನಕ್ಕೆಂದು ಐರ್ಲೆಂಡಿನ ಕಾರ್ಕ್ ಊರಿಗೆ ಹೋಗಿದ್ದೆ. ಬೇಸಿಗೆ ರಜೆಗೆ ಗಳಿಕೆ ರಜೆಯನ್ನೂ ಸೇರಿಸಿಕೊಂಡಿದ್ದೆ. ಮಗುವಿಗೆ ಎಣ್ಣೆ, ನೀರು ಮುಗಿಯಿತೆಂದರೆ ಮಧ್ಯಾಹ್ನ ನನಗೆ ಕೆಲಸವಿಲ್ಲ. ಪಕ್ಕದ ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ನಾನು ಟೀಚರೆಂದು ತಿಳಿದದ್ದೇ ತಡ, ಚಹಾಕ್ಕೆ ಕರೆದರು. ಅವರೂ ಪ್ರಾಥಮಿಕ ಶಾಲೆಯ ಟೀಚರಂತೆ. "ಎಷ್ಟು ವರ್ಷ ಸರ್ವೀಸು?" ಎಂದೆ. ನಾವು ಮೇಡಮ್ಮುಗಳು ಮೊದಲು ಕೇಳುವುದೇ ಅದನ್ನಲ್ಲವೆ!

"ಮದುವೆಗೆ ಮುಂಚೆ ಮೂರು, ಆಮೇಲೆ ಮೂವತ್ತು. ನಡುವೆ ಸರ್ಕಾರ ನನ್ನನ್ನು ಮನೆಗೆ ಕಳಿಸಿತ್ತು" ಎಂದರು.

ಆ ದೇಶದಲ್ಲಿ ಓದಿಗೆ ಅಡ್ಡ ಬಂದವರಿಗೆ ಎಂದೂ ಬರವಿರಲಿಲ್ಲ. 1695ರಲ್ಲಿ ಇಂಗ್ಲಿಷರ ಆಳ್ವಿಕೆಯ ಕಾನೂನು ಕ್ಯಾಥೊಲಿಕರು ಶಾಲೆ ನಡೆಸಕೂಡದೆಂದಿತು. ಮೇಷ್ಟ್ರುಗಳು ಬೇಲಿಯ ಮರೆಯಲ್ಲಿ, ಕೊಟ್ಟಿಗೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕದ್ದು ಕಲಿಸಿದರು. ಬೇಲಿಶಾಲೆ ಎಂಬ ಹೆಸರು ಬಂದದ್ದು ಹಾಗೆ. 1831ರಲ್ಲಿ ಸರ್ಕಾರಿ ನೆರವಿನ ರಾಷ್ಟ್ರೀಯ ಶಾಲೆಗಳು ಬಂದವು. ಆದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಕೆಲವೆಡೆ ಐರಿಷ್ ಮಾತಾಡಿದ ಮಗುವಿನ ಕೊರಳಿಗೆ ಕೋಲೊಂದನ್ನು ಕಟ್ಟಿ, ಪ್ರತಿ ಸಲಕ್ಕೂ ಒಂದು ಗೀಟು ಕೊರೆದು, ಆಮೇಲೆ ಗೀಟು ಎಣಿಸಿ ಹೊಡೆಯುತ್ತಿದ್ದರಂತೆ.

ಅಜ್ಜಿಯ ಕತೆ ಸ್ವತಂತ್ರ ಐರ್ಲೆಂಡಿನದು. ತಮ್ಮವರದೇ ಸರ್ಕಾರ 1934ರಲ್ಲಿ ಒಂದು ನಿಯಮ ಜಾರಿಗೆ ತಂದಿತು: ಹೊಸದಾಗಿ ಸೇರಿದ ಪ್ರಾಥಮಿಕ ಶಾಲಾ ಶಿಕ್ಷಕಿ ಮದುವೆಯಾದರೆ ಹುದ್ದೆ ಬಿಡಬೇಕು. ಒಂದೇ ಮನೆಗೆ ಎರಡು ಸಂಬಳ ಯಾಕೆ, ಹೆಂಗಸಿಗೆ ಮನೆಯೇ ಸರಿ ಎಂಬ ವಾದ. ಮದುವೆಯಾದ ಮೇಷ್ಟ್ರಿಗೆ ಇಂಥ ತೊಡಕಿಲ್ಲ. 1868ರಲ್ಲೇ ಹುಟ್ಟಿದ್ದ ಶಿಕ್ಷಕರ ಸಂಘ ವಿರೋಧಿಸಿದರೂ ನಡೆಯಲಿಲ್ಲ. ಕೊನೆಗೆ 1958ರಲ್ಲಿ ಶಿಕ್ಷಣ ಮಂತ್ರಿ ಜ್ಯಾಕ್ ಲಿಂಚ್, ಇದೇ ಕಾರ್ಕಿನವರು, ಅದನ್ನು ತೆಗೆದರು. ಹೆಂಗಸರ ಮೇಲಿನ ಕರುಣೆಗಿಂತ ಹೆಚ್ಚಾಗಿ, ತರಬೇತಾದ ಟೀಚರುಗಳೇ ಸಾಲದೆ ಹೋಗಿದ್ದರು! ಉಳಿದ ಸರ್ಕಾರಿ ನೌಕರಿಗಳಲ್ಲಿ ಈ ಕಟ್ಟು 1973ರವರೆಗೂ ಇತ್ತು. ಅಜ್ಜಿ ಮದುವೆಯಾದದ್ದು 1957ರಲ್ಲಿ. "ಒಂದು ವರ್ಷ ತಡೆದಿದ್ದರೆ ಆಗುತ್ತಿತ್ತು. ಅವರಿಗೆ ಅವಸರ" ಎಂದು ಗೋಡೆಯ ಮೇಲಿದ್ದ ಗಂಡನ ಫೋಟೋ ತೋರಿಸಿ ನಕ್ಕರು.

ನನಗೆ ನಗು ಬರಲಿಲ್ಲ. 1991ರಲ್ಲಿ ನನ್ನ ಮದುವೆಯಾದಾಗ ಯಾವ ಸರ್ಕಾರಿ ಆದೇಶವೂ ಬರಲಿಲ್ಲ. "ಸೊಸೆ ದುಡಿದು ತರಬೇಕಾದ ಗತಿ ನಮಗೆ ಬಂದಿಲ್ಲ" ಎಂದು ಮಾವನವರು ಅಂದದ್ದೇ ಸಾಕಾಯಿತು. ಬಿ.ಎಡ್. ಸರ್ಟಿಫಿಕೇಟು ನಾಲ್ಕು ವರ್ಷ ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗಿತ್ತು. ಅದನ್ನು ಹೊರಗೆ ತೆಗೆಸಿದವರು ಅಕ್ಷರ ಬಾರದ ನಮ್ಮತ್ತೆ.

ಅಜ್ಜಿ ಮತ್ತೆ ಶಾಲೆಗೆ ಹೋಗುವ ಹೊತ್ತಿಗೆ ಕಾಲ ಬದಲಾಗುತ್ತಿತ್ತು. 1966ರ ಸೆಪ್ಟೆಂಬರಿನಲ್ಲಿ ಮಂತ್ರಿ ಡೊನೊ ಒ'ಮ್ಯಾಲಿ ಪತ್ರಕರ್ತರ ಸಭೆಯೊಂದರಲ್ಲಿ, ಸಂಪುಟದ ಒಪ್ಪಿಗೆಗೂ ಕಾಯದೆ, ಪ್ರೌಢಶಾಲೆ ಉಚಿತ ಎಂದು ಘೋಷಿಸಿಬಿಟ್ಟರು. ವರ್ಷಕ್ಕೆ ಸುಮಾರು 17,000 ಮಕ್ಕಳು, ಎಂದರೆ ಹತ್ತಿರ ಹತ್ತಿರ ಮೂವರಲ್ಲೊಬ್ಬರು, ಪ್ರಾಥಮಿಕಕ್ಕೇ ಓದು ಮುಗಿಸುತ್ತಿದ್ದರಂತೆ. ಮರುವರ್ಷವೇ ಫೀಸು ನಿಂತಿತು, ಹಳ್ಳಿ ಮಕ್ಕಳಿಗೆ ಬಸ್ಸು ಬಂತು.

ಬಸ್ಸು ಎಲ್ಲರನ್ನೂ ಹತ್ತಿಸಿಕೊಳ್ಳಲಿಲ್ಲ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಗುವಿಗೆ ಕಲಿಸುವುದಕ್ಕೇ ಆಗದೆಂದು ಸರ್ಕಾರ ಕೋರ್ಟಿನಲ್ಲಿ ವಾದಿಸಿತು. ಕಾರ್ಕಿನ ತಾಯಿಯೊಬ್ಬಳು 1993ರಲ್ಲಿ ಹೈಕೋರ್ಟಿನಲ್ಲಿ ಆ ಮಾತನ್ನು ಸುಳ್ಳು ಮಾಡಿದಳು. ಇಂಥ ಮಕ್ಕಳನ್ನು ಸಾಧ್ಯವಾದಷ್ಟೂ ಎಲ್ಲರ ಜೊತೆಗೇ ಕೂರಿಸಿ ಓದಿಸಬೇಕೆಂಬ ಕಾನೂನು 2004ರಲ್ಲಿ ಬಂತು. ಬಂತೇನೋ ಸರಿ, ಅದರ ಎಷ್ಟೋ ಕಲಮುಗಳು ವರ್ಷಗಟ್ಟಲೆ ಜಾರಿಯಾಗಲಿಲ್ಲ. ಕಾನೂನಿನ ಈ ಗುಣ ನಮಗೇನು ಹೊಸದೆ?

ಒಂದು ದಿನ ಅಜ್ಜಿಯ ಕಿಟಕಿಯ ಹತ್ತಿರ ಕೂತಿದ್ದೆವು. ಎದುರಿನ ಶಾಲೆ ಬಿಟ್ಟಿತು. ಗಾಲಿಕುರ್ಚಿಯ ಹುಡುಗನೊಬ್ಬನನ್ನು ಸಹಾಯಕಿ ಗೇಟಿನ ತನಕ ತಂದಳು, ಸುತ್ತ ಅವನ ಗೆಳೆಯರ ಗಲಾಟೆ. ಅಜ್ಜಿ ಬಹಳ ಹೊತ್ತು ನೋಡಿದರು. ಆಮೇಲೆ, "ನನ್ನ ಕ್ಲಾಸಿನಲ್ಲೂ ಒಬ್ಬನಿದ್ದ. ಇವನನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅಂತ ಅವನಮ್ಮನಿಗೆ ಹೇಳಿ ಕಳಿಸಿದವಳು ನಾನೇ" ಎಂದರು. ಹುಡುಗನ ಹೆಸರನ್ನೂ ಹೇಳಿದರು.

1998ರಲ್ಲಿ ನನ್ನ ಕ್ಲಾಸಿನಲ್ಲೂ ಒಬ್ಬಳಿದ್ದಳು, ಹಿಂದಿನ ಬೆಂಚಿನಲ್ಲಿ. ಅವಳ ಅಪ್ಪನನ್ನು ಕರೆಸಿದ್ದೆ. ಮಾರನೆಯ ದಿನದಿಂದ ಅವಳು ಬರಲಿಲ್ಲ. ಅದನ್ನು ನಾನು ಅಜ್ಜಿಗೆ ಹೇಳಲಿಲ್ಲ. ಮಗು ಎದ್ದಿರಬಹುದು ಎಂದು ಹೇಳಿ ಮನೆಗೆ ಬಂದೆ.