ಪಟ್ಟಿನ ಹಿಂದಿನ ಅರೆಗಳಿಗೆ

ಈಜಿಪ್ಟಿನ ಬೆನಿ ಹಸನ್‌ನಲ್ಲಿ, ನೈಲ್ ನದಿಯ ಪೂರ್ವ ದಂಡೆಯ ಬಂಡೆಗಳಲ್ಲಿ ಕೊರೆದ ಸಮಾಧಿಗಳಿವೆ. ಸುಮಾರು 4,000 ವರ್ಷಗಳ ಹಿಂದೆ ಬಾಕೆತ್ ಎಂಬ ಪ್ರಾಂತಾಧಿಕಾರಿಗಾಗಿ ಕಡೆದ ಸಮಾಧಿಯ ಗೋಡೆಯ ಮೇಲೆ 200ಕ್ಕೂ ಹೆಚ್ಚು ಕುಸ್ತಿ ಜೋಡಿಗಳು ಸಾಲುಗಟ್ಟಿವೆ. ಕುತ್ತಿಗೆಗೆ ಕೈ, ಸೊಂಟಕ್ಕೆ ಕೈ, ಎತ್ತಿದ್ದು, ಕೆಡವಿದ್ದು, ಎಲ್ಲವೂ ಅಲ್ಲಿದೆ. ಚಿತ್ರಕಾರ ಒಂದು ಜಾಣತನ ಮಾಡಿದ್ದಾನೆ: ಜೋಡಿಯಲ್ಲಿ ಒಬ್ಬನಿಗೆ ಗಾಢ ಬಣ್ಣ, ಇನ್ನೊಬ್ಬನಿಗೆ ತಿಳಿ ಬಣ್ಣ. ಮೈಗೆ ಮೈ ಹೆಣೆದುಕೊಂಡಾಗ ಯಾವ ಕಾಲು ಯಾರದೆಂದು ತಿಳಿಯಬೇಕಲ್ಲ! ಇಂದು ಮ್ಯಾಟ್ ಮೇಲೆ ಕೆಂಪು, ನೀಲಿ ಉಡುಪು ಮಾಡುವ ಕೆಲಸವೂ ಅದೇ.

ಕುಸ್ತಿಯನ್ನು ಬಿಡಿಸಿ ನೋಡುವ ಚಟ ಅಷ್ಟು ಹಳೆಯದು. ಆದರೆ ನೋಡಬೇಕಾದದ್ದು ಎಲ್ಲಿ ಎಂಬುದು ಹೊಳೆಯಲು ಬಹಳ ಕಾಲ ಹಿಡಿಯಿತು. ಬರೆದವರು, ಬಿಡಿಸಿದವರು ಎಲ್ಲರ ಕಣ್ಣೂ ಪಟ್ಟಿನ ಮೇಲೇ ಇತ್ತು. ಪಟ್ಟು ಬೀಳುವ ಮುಂಚಿನ ಅರೆಗಳಿಗೆಯಲ್ಲೇ ಅರ್ಧ ಕುಸ್ತಿ ತೀರಿಹೋಗಿರುತ್ತದೆ ಎಂಬ ಸಂಗತಿ ಉಸ್ತಾದರ ಕೈಗೆ ಗೊತ್ತಿತ್ತು, ಕಾಗದಕ್ಕೆ ಇಳಿದಿರಲಿಲ್ಲ.

ಕಾಗದಕ್ಕೆ ಮೊದಲು ಇಳಿದದ್ದು ಗುರುವಿನ ಅಪ್ಪಣೆ. ಈಜಿಪ್ಟಿನದೇ ಆಕ್ಸಿರಿಂಕಸ್‌ನಲ್ಲಿ ಸಿಕ್ಕ 2ನೇ ಶತಮಾನದ ಗ್ರೀಕ್ ಪಪೈರಸ್ ಚೂರಿನಲ್ಲಿ ಗುರು ಇಬ್ಬರು ಶಿಷ್ಯರಿಗೆ ಸರದಿಯಂತೆ ಹೇಳುತ್ತಾನೆ: ಇವನು ಹೀಗೆ ಹಿಡಿಯಬೇಕು, ಅವನು ಹಾಗೆ ತಿರುಗಬೇಕು. ಪಾಠದ ಕೊನೆಗೆ ಸೆಣಸಿ ಎಂಬ ಆಜ್ಞೆ. ಗೋಡೆಯ ಚಿತ್ರದಲ್ಲಿ ಇಲ್ಲದ ಒಂದು ಅಂಶ ಇಲ್ಲಿ ಸೇರಿತು. ಪಟ್ಟಿಗೆ ಮರುಪಟ್ಟು ಇರುತ್ತದೆ, ಎರಡನ್ನೂ ಒಟ್ಟಿಗೇ ಕಲಿಯಬೇಕು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ ಬೇರೆ ದಾರಿ ಹಿಡಿಯಿತು. ಅದರ ಮಲ್ಲವಿನೋದ ಭಾಗ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುತ್ತದೆ. ಅವರ ಊಟ, ವ್ಯಾಯಾಮಗಳ ಮಾತಾಡುತ್ತದೆ. ಪಟ್ಟಿಗಿಂತ ಮೊದಲು ಆಳನ್ನು ನೋಡುವ ಈ ಕ್ರಮ ಇಂದಿನ ಬಸವಕಲ್ಯಾಣದ ನೆಲದಿಂದ ಬಂತೆಂದು ನಾವು ತುಸು ಬೀಗಬಹುದು. ಗ್ರಂಥ ಸಂಸ್ಕೃತದಲ್ಲಿದೆ ಎನ್ನುವುದು ಬೇರೆ ಮಾತು.

ಯುರೋಪಿನಲ್ಲಿ ಅಚ್ಚುಯಂತ್ರ ಬಂದ ಮೇಲೆ ಪಟ್ಟುಗಳು ಪುಸ್ತಕವಾದವು. 1539ರಲ್ಲಿ ಜರ್ಮನಿಯ ಫಾಬಿಯನ್ ಫಾನ್ ಔಅರ್ಸ್‌ವಾಲ್ಡ್ 85 ಪಟ್ಟುಗಳನ್ನು ಮರದ ಅಚ್ಚಿನ ಚಿತ್ರಗಳೊಡನೆ ಹೊರತಂದ. 1674ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಬಂದ ನಿಕೊಲಾಸ್ ಪೆಟ್ಟರ್‌ನ ಪುಸ್ತಕದಲ್ಲಿ 71 ಚಿತ್ರಗಳು. ಒಂದು ಹಿಡಿತದಿಂದ ಹೊರಟು ಮುಂದೇನಾಗಬಹುದು ಎಂಬುದನ್ನು ಅವು ಹಂತಹಂತವಾಗಿ ತೋರಿಸುತ್ತವೆ. ಪುಸ್ತಕ ಅಚ್ಚಾಗುವ ಹೊತ್ತಿಗೆ ಪೆಟ್ಟರ್ ತೀರಿಹೋಗಿದ್ದ. ಮುಂದೆ 1887ರಲ್ಲಿ ಪ್ರಕಟವಾದ ಮೈಬ್ರಿಜ್‌ನ ಸರಣಿ ಛಾಯಾಚಿತ್ರಗಳಲ್ಲಿ ಕುಸ್ತಿಯಾಡುವವರೂ ಇದ್ದರು. ಕಣ್ಣಿಗೆ ಸಿಗದೆ ಜಾರುತ್ತಿದ್ದ ಚಲನೆ ತುಂಡುತುಂಡಾಗಿ ಕೈಗೆ ಬಂತು.

ಈ ವಿದ್ಯೆಗೆ ಲೆಕ್ಕಾಚಾರ ತಂದವರಲ್ಲಿ ಅಮೆರಿಕದ ಒಕ್ಲಹೋಮದ ಎಡ್ವರ್ಡ್ ಗ್ಯಾಲಗರ್ ಪ್ರಮುಖ. ಓಟ ಮತ್ತು ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದ ಆತ ಓದಿದ್ದು ಎಂಜಿನಿಯರಿಂಗ್. 1916ರಿಂದ 1940ರವರೆಗೆ ಕಾಲೇಜು ಕುಸ್ತಿ ತಂಡಕ್ಕೆ ಕೋಚ್ ಆಗಿ, ಸನ್ನೆಗೋಲಿನ ನಿಯಮವನ್ನು ಮನುಷ್ಯನ ಕೈಕಾಲಿಗೆ ಅನ್ವಯಿಸಿದ. ಆನಿಕೆ ಎಲ್ಲಿ, ಭಾರ ಎಲ್ಲಿ, ತೋಳಿನ ಉದ್ದ ಎಷ್ಟು? 138 ಗೆಲುವು, 5 ಸೋಲು, 4 ಡ್ರಾ ಎಂಬ ದಾಖಲೆ ಈ ಪ್ರಶ್ನೆಗಳಿಗೆ ಸಿಕ್ಕ ಉತ್ತರ.

ಮಣ್ಣಿನ ಕುಸ್ತಿಯ ನಾಡಾದ ನಮಗೆ ಸಮಸ್ಯೆ ಇನ್ನೊಂದು ಬಗೆಯದು. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟ್ ಅವರಿಗೆ ಹೊಸದು; ಆದರೂ 6ನೇ ಸ್ಥಾನ ಪಡೆದರು. ನಾಲ್ಕು ವರ್ಷಗಳ ನಂತರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಮೈಸೂರು ದಸರೆಯ ಅಖಾಡದಲ್ಲಾಗಲಿ, ಉತ್ತರ ಕರ್ನಾಟಕದ ಜಂಗಿ ಕುಸ್ತಿಯಲ್ಲಾಗಲಿ ಎದುರಾಳಿಯನ್ನು ಚಿತ್ ಮಾಡಿದರೇ ಗೆಲುವು. ಕಾಲು ಸಿಕ್ಕಿಬಿದ್ದರೆ ಗಾಬರಿಯೇನಿಲ್ಲ. ಬೆನ್ನು ಮಣ್ಣಿಗೆ ತಾಗದಂತೆ ನೋಡಿಕೊಂಡರಾಯಿತು. ಮ್ಯಾಟ್ ಮೇಲೆ ಅದೇ ಉದಾಸೀನಕ್ಕೆ ಎರಡು ಪಾಯಿಂಟ್ ದಂಡ.

ಬಜರಂಗ್ ಪೂನಿಯಾ ಅವರ ಕುಸ್ತಿ ಇದಕ್ಕೆ ಒಳ್ಳೆಯ ನಿದರ್ಶನ. ದಮ್ಮಿನಲ್ಲಿ ಅವರನ್ನು ಮೀರಿಸುವವರು ಕಡಿಮೆಯಿದ್ದರು. ಆದರೆ ನೆಟ್ಟಗೆ ನಿಂತು ಮುನ್ನುಗ್ಗುವ ಅಭ್ಯಾಸದಿಂದ ಕಾಲು ಎದುರಾಳಿಗೆ ಸುಲಭವಾಗಿ ಸಿಗುತ್ತಿತ್ತು. 2018ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಜಪಾನಿನ 19 ವರ್ಷದ ತಕುತೊ ಒತೊಗುರೊ ಎದುರು 9-16ರಿಂದ ಸೋತರು. ಕಾಲಿನ ರಕ್ಷಣೆ ದುರ್ಬಲ ಎಂಬುದು ಆಗ ಎಲ್ಲರ ಬಾಯಲ್ಲೂ ಬಂತು. ಜಾರ್ಜಿಯಾದ ಕೋಚ್ ಶಾಕೊ ಬೆಂಟಿನಿಡಿಸ್ ಅವರೊಂದಿಗೆ ತಿದ್ದುವ ಕೆಲಸ ನಡೆಯಿತು. ಆದರೂ ಟೋಕಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಹಾಜಿ ಅಲಿಯೆವ್ ಎದುರು 5-12ರ ಸೋಲು. ಕಂಚು ಬಂದದ್ದು ಅದಾದ ಮೇಲೆ. ತಪ್ಪು ಗೊತ್ತಾಗುವುದು ಒಂದು, ಮೈ ಅದನ್ನು ಬಿಡುವುದು ಇನ್ನೊಂದು. ಬಾಲ್ಯದಿಂದ ಮಣ್ಣು ಕಲಿಸಿದ ನಿಲುವನ್ನು ಮೈಯಿಂದ ಕಳಚುವುದು ಹೊಸ ಪಟ್ಟು ಕಲಿಯುವುದಕ್ಕಿಂತ ಕಷ್ಟ.

ನಿಯಮಗಳೂ ತಂತ್ರವನ್ನು ತಿದ್ದುತ್ತವೆ. 2005ರಿಂದ 2013ರವರೆಗೆ ಸುತ್ತು ಸಮವಾದರೆ ಚೀಲದಿಂದ ಚೆಂಡು ತೆಗೆದು ಯಾರು ಯಾರ ಕಾಲು ಹಿಡಿಯಬೇಕೆಂದು ನಿರ್ಧರಿಸುತ್ತಿದ್ದರು. ಕುಸ್ತಿಯಲ್ಲಿ ಚೀಟಿ ಎತ್ತಿದ ಹಾಗೆ! 2013ರ ಫೆಬ್ರುವರಿಯಲ್ಲಿ ಒಲಿಂಪಿಕ್ಸ್‌ನಿಂದ ಕುಸ್ತಿಯನ್ನು ಕೈಬಿಡುವ ಮಾತು ಬಂದ ಮೇಲೆ ಒಕ್ಕೂಟ ಎಚ್ಚೆತ್ತಿತು. ಮೂರು ನಿಮಿಷದ ಎರಡು ಸುತ್ತು, ಒಟ್ಟು ಪಾಯಿಂಟಿನ ಲೆಕ್ಕ, ಕೆಡವಿದರೆ ಒಂದರ ಬದಲು ಎರಡು ಪಾಯಿಂಟ್. ಕಾಲಿಗೆ ನುಗ್ಗುವವರ ಬೆಲೆ ಏರಿತು.

ನುಗ್ಗುವ ವಿದ್ಯೆಯಲ್ಲಿ ಜಪಾನಿನ ಸಾವೊರಿ ಯೊಶಿದಾ ಅವರಿಗೆ ಸಾಟಿ ಇರಲಿಲ್ಲ. 2004, 2008, 2012ರಲ್ಲಿ ಒಲಿಂಪಿಕ್ ಚಿನ್ನ. ಸತತ 119 ಗೆಲುವುಗಳ ಸರಪಳಿಯನ್ನು 2008ರ ಜನವರಿಯಲ್ಲಿ ಅಮೆರಿಕದ ಮಾರ್ಸಿ ವ್ಯಾನ್ ಡ್ಯೂಸನ್ ಕಡಿದದ್ದು ಅದೇ ನುಗ್ಗುವಿಕೆಯನ್ನು ತಿರುಗಿಸಿ. ತನ್ನ ಅಸ್ತ್ರವನ್ನು ಜಗತ್ತು ಓದತೊಡಗಿದೆ ಎಂಬುದು ಯೊಶಿದಾಗೆ ಅರ್ಥವಾಗಿರಬೇಕು; ಆಗಸ್ಟ್‌ನಲ್ಲಿ ಬೀಜಿಂಗ್ ಚಿನ್ನ ಬಿಟ್ಟುಕೊಡಲಿಲ್ಲ. ಆದರೆ 2016ರ ರಿಯೊ ಫೈನಲ್‌ನಲ್ಲಿ ಹೆಲೆನ್ ಮರೂಲಿಸ್ 4-1ರಿಂದ ಗೆದ್ದರು. ಹಿಂದೆ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಯೊಶಿದಾ ಕೈಯಲ್ಲಿ ಎರಡು ಸಲ ಚಿತ್ ಆಗಿದ್ದ ಹುಡುಗಿ ಈಕೆ. ನುಗ್ಗುವಿಕೆಗೆ ಮರುಪಟ್ಟು ಹುಡುಕುವುದಕ್ಕಿಂತ ನುಗ್ಗಲು ಬೇಕಾದ ಅಂತರವನ್ನೇ ಕೊಡದಿರುವುದು ಲೇಸು ಎಂಬ ಯೋಚನೆ ಆ ಕುಸ್ತಿಯಲ್ಲಿ ಕಾಣುತ್ತದೆ.

ಈಗ ವಿಡಿಯೊ ನೋಡಿ ಪಟ್ಟಿ ಮಾಡುವುದು ದೊಡ್ಡ ತಂಡಗಳ ದಿನಚರಿ. ಎದುರಾಳಿ ಯಾವ ಕಾಲು ಮುಂದಿಡುತ್ತಾಳೆ, ಎಷ್ಟನೇ ನಿಮಿಷದಲ್ಲಿ ನುಗ್ಗುತ್ತಾಳೆ, ಎಷ್ಟು ಪ್ರಯತ್ನಕ್ಕೆ ಎಷ್ಟು ಪಾಯಿಂಟ್. ಗರಡಿಯ ಹುಡುಗನೂ ಮೊಬೈಲಿನಲ್ಲಿ ತನ್ನ ಕುಸ್ತಿಯನ್ನು ನಿಧಾನಗತಿಯಲ್ಲಿ ಓಡಿಸಿ ನೋಡಬಲ್ಲ. ಮಣಿಕಟ್ಟು ಹಿಡಿದ ಬೆರಳಿನ ಬಿಗಿ ಸಡಿಲವಾದದ್ದು, ಹಣೆಗೆ ಹಣೆ ಒತ್ತಿದಾಗ ಭಾರ ಒಂದು ಪಾದದಿಂದ ಇನ್ನೊಂದಕ್ಕೆ ಜಾರಿದ್ದು ಮಾತ್ರ ಆ ಪರದೆಗೆ ಕಾಣದು. ಅದಕ್ಕೆ ಉಸ್ತಾದರೇ ಎದುರು ನಿಂತು ಕೈ ಕೊಡಬೇಕು.

2024ರ ಆಗಸ್ಟ್ 6, ಪ್ಯಾರಿಸ್. ವಿನೇಶ್ ಫೋಗಟ್ ಎದುರು ಜಪಾನಿನ ಯುಯಿ ಸುಸಾಕಿ, ಅಂತರರಾಷ್ಟ್ರೀಯ ಕುಸ್ತಿಯಲ್ಲಿ 82 ಗೆಲುವು, ಸೋಲು ಸೊನ್ನೆ. ಹೆಚ್ಚು ಹೊತ್ತು ವಿನೇಶ್ ತಡೆದು ನಿಂತರು. ಮುನ್ನುಗ್ಗಲಿಲ್ಲವೆಂದು ಎರಡು ಸಲ ದಂಡ ಬಿತ್ತು, 0-2. ಕಾಲು ಕೊಟ್ಟು ಕೆಡವಿಸಿಕೊಳ್ಳುವುದಕ್ಕಿಂತ ಅದು ಅಗ್ಗವಾಗಿ ಕಂಡಿರಬೇಕು. ಕೊನೆಯ ಕೆಲವೇ ಸೆಕೆಂಡುಗಳಲ್ಲಿ ನುಗ್ಗಿ ಕೆಡವಿದರು, 2-2. ಜಪಾನ್ ಕಡೆಯವರು ಚಾಲೆಂಜ್ ಮಾಡಿದರು. ಪಂಚರು ವಿಡಿಯೊ ಹಿಂದೆ ಓಡಿಸಿ ನೋಡಿದರು. ತೀರ್ಪು ಬದಲಾಗಲಿಲ್ಲ, ಚಾಲೆಂಜ್ ಸೋತದ್ದಕ್ಕೆ ಇನ್ನೊಂದು ಪಾಯಿಂಟ್ ವಿನೇಶ್ ಖಾತೆಗೆ: 3-2.